ಲಾಲ್‌ಬಾಗಿನ ಬಂಡೆಗೆ 300 ಕೋಟಿ ವರ್ಷ: ಇದು ಅಂದಾಜೋ, ಅಳತೆಯೋ?

ಓದುಗರ ಪ್ರಶ್ನೆ: ಬೆಂಗಳೂರಿನ ಲಾಲ್‌ಬಾಗಿನಲ್ಲಿರುವ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು ಎಂದು ಹೇಳುತ್ತಾರೆ. ಆಗ ಮನುಷ್ಯರಿರಲಿ, ಗಿಡಮರಗಳೂ ಇರಲಿಲ್ಲ. ಹಾಗಿದ್ದ ಮೇಲೆ ಈ ಲೆಕ್ಕ ಎಲ್ಲಿಂದ ಬಂತು? ಇದನ್ನು ನಂಬುವುದು ಹೇಗೆ?

ಉತ್ತರ: ಇದು ಅಳತೆಯೇ. ಆದರೆ ಅಳೆಯುವುದು ಇಡೀ ಬಂಡೆಯನ್ನಲ್ಲ. ಇಂಥ ಶಿಲೆಯೊಳಗೆ ಹುದುಗಿರುವ, ಬರಿಗಣ್ಣಿಗೆ ಕಾಣುವುದೇ ಕಷ್ಟವಾದ ಕೆಲವು ಹರಳುಗಳನ್ನು ಅಳೆಯುತ್ತಾರೆ. ಆ ಹರಳುಗಳಲ್ಲಿ ಯುರೇನಿಯಂ ಎಷ್ಟು ಉಳಿದಿದೆ, ಅದರಿಂದ ಹುಟ್ಟಿದ ಸೀಸ ಎಷ್ಟು ಸೇರಿದೆ ಎಂಬ ಎರಡು ಪ್ರಮಾಣಗಳಿಂದ ವಯಸ್ಸು ಹೊರಡುತ್ತದೆ. ಉತ್ತರ ಇಷ್ಟೇ ಆದರೂ ಇದನ್ನು ಕೇಳಿದವರ ಮನಸ್ಸಿನಲ್ಲಿ ಕೂಡಲೇ ಇನ್ನೊಂದು ಸಂಶಯ ಏಳುತ್ತದೆ: ಆ ಹರಳಿನಲ್ಲಿ ಮೊದಲೇ ಸ್ವಲ್ಪ ಸೀಸ ಇರಲಿಲ್ಲವೆಂದು ಹೇಳುವುದು ಹೇಗೆ? ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ಜೀವಾಳ ಇರುವುದು ಈ ಎರಡನೆಯ ಪ್ರಶ್ನೆಯಲ್ಲಿ.

ಮೊದಲು ಬಂಡೆಯನ್ನು ನೋಡೋಣ. ಕೆಂಪೇಗೌಡರ ಗೋಪುರ ನಿಂತಿರುವ ಈ ಶಿಲೆಯನ್ನು ಭೂವಿಜ್ಞಾನಿಗಳು ಪೆನಿನ್ಸುಲಾರ್ ನೈಸ್ ಎಂದು ಕರೆಯುತ್ತಾರೆ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿದ್ದ ಡಬ್ಲ್ಯು. ಎಫ್. ಸ್ಮೀತ್ ಅವರು 1916ರಲ್ಲಿ ಕೊಟ್ಟ ಹೆಸರಿದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಈ ಬಂಡೆಯನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಬಾಗಿ ನೋಡಿದರೆ ಕಲ್ಲಿನಲ್ಲಿ ಕಪ್ಪು ಮತ್ತು ಬಿಳಿ ಪಟ್ಟೆಗಳು ಒಂದರ ಪಕ್ಕ ಒಂದು ಸಾಗಿ, ಅಲ್ಲಲ್ಲಿ ಮಡಿಚಿದ ಸೀರೆಯ ಅಂಚಿನಂತೆ ಬಳುಕಿರುವುದು ಕಾಣುತ್ತದೆ. ಬಿಳಿ ಪಟ್ಟೆಯಲ್ಲಿರುವುದು ಬೆಣಚು ಮತ್ತು ಫೆಲ್ಡ್‌ಸ್ಪಾರ್; ಕಪ್ಪು ಪಟ್ಟೆಯಲ್ಲಿರುವುದು ಹೆಚ್ಚಾಗಿ ಬಯೊಟೈಟ್ ಎಂಬ ಕಪ್ಪು ಕಾಗೆಬಂಗಾರ. ಗಟ್ಟಿಯಾದ ಕಲ್ಲು ಹೀಗೆ ಬಳುಕಬೇಕಾದರೆ ಅದು ಒಂದು ಕಾಲದಲ್ಲಿ ನೆಲದಡಿ ಹಲವು ಕಿಲೋಮೀಟರ್ ಆಳದಲ್ಲಿ, ಮೆತ್ತಗಾಗುವಷ್ಟು ಕಾವಿನಲ್ಲಿ ಇದ್ದಿರಬೇಕು.

ಪಟ್ಟೆಗಳನ್ನು ಅಡ್ಡಲಾಗಿ ಸೀಳಿಕೊಂಡು ಹೋಗುವ ಬಿಳಿಯ ಎಳೆಗಳೂ ಇಂಥ ಬಂಡೆಗಳಲ್ಲಿ ಸಾಮಾನ್ಯ. ಯಾವುದು ಯಾವುದನ್ನು ಸೀಳಿದೆಯೋ ಅದು ಆಮೇಲಿನದು ಎಂಬುದು ಭೂವಿಜ್ಞಾನದ ಹಳೆಯ ನಿಯಮ. ಈ ನಿಯಮದಿಂದ ಹಿಂದುಮುಂದು ತಿಳಿಯುತ್ತದೆಯೇ ಹೊರತು ವರ್ಷಗಳ ಸಂಖ್ಯೆ ಸಿಗುವುದಿಲ್ಲ, ಮತ್ತು ಹಿಂದುಮುಂದನ್ನು ಓದುವುದೂ ಎಷ್ಟೋ ಸಲ ಸುಲಭವಲ್ಲ. ನಮ್ಮ ನಾಡಿನಲ್ಲೇ ಇದಕ್ಕೆ ಒಳ್ಳೆಯ ಉದಾಹರಣೆಯಿದೆ. ನೈಸ್‌ನ ಜೊತೆಗೇ ಕಾಣುವ, ಧಾರವಾಡ ಶಿಲೆಗಳೆಂದು ಕರೆಯುವ ಇನ್ನೊಂದು ಬಗೆಯ ಶಿಲೆಗಳನ್ನು ಮೊದಲು ಪ್ರತ್ಯೇಕವಾಗಿ ಗುರುತಿಸಿದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರ ಪ್ರಕಾರ ಅವು ನೈಸ್‌ನ ಮೇಲೆ ಹಾಸಿಕೊಂಡವು, ಅಂದರೆ ನೈಸೇ ಹಿರಿಯದು. ಸ್ಮೀತ್ ಅವರ ವಾದ ಇದಕ್ಕೆ ತದ್ವಿರುದ್ಧ: ಧಾರವಾಡ ಶಿಲೆಗಳೇ ಎಲ್ಲಕ್ಕಿಂತ ಹಳೆಯವು, ನೈಸ್ ಆಮೇಲೆ ಅವುಗಳೊಳಗೆ ನುಗ್ಗಿತು. ಇಬ್ಬರೂ ಇದೇ ನೆಲದಲ್ಲಿ ನಡೆದಾಡಿದವರು, ಇಬ್ಬರೂ ಕಣ್ಣಾರೆ ಕಂಡದ್ದನ್ನೇ ಹೇಳಿದವರು. ಈ ಗೊಂದಲ ಬಿಡಿಸಲು ದಶಕಗಳೇ ಬೇಕಾದವು. ಸರಗೂರು ಸಮೂಹವೆಂದು ಈಗ ಕರೆಯುವ ಹಳೆಯ ಶಿಲೆಗಳು ನೈಸ್‌ನ ಬಹುಭಾಗಕ್ಕಿಂತ ಮೊದಲಿನವು, ಧಾರವಾಡದ ಮುಖ್ಯ ಶಿಲೆಗಳು ಅದರ ಬಹುಭಾಗಕ್ಕಿಂತ ಆಮೇಲಿನವು ಎಂಬ ಚಿತ್ರ ಕೊನೆಗೆ ಮೂಡಿತು. ಬಾಬಾಬುಡನ್ ಸೀಮೆಯ ಕಲ್ದುರ್ಗದಲ್ಲಿ ಧಾರವಾಡ ಶಿಲೆಯೊಳಗೇ ನೈಸ್‌ನ ಉರುಟು ಕಲ್ಲುಗಳು ಸಿಕ್ಕಿಕೊಂಡಿವೆ. ಉರುಟು ಕಲ್ಲಾಗಿ ಉರುಳಿ ಬರಬೇಕಾದರೆ ನೈಸ್ ಮೊದಲೇ ಇದ್ದಿರಲೇಬೇಕಲ್ಲವೇ? ಆದರೆ ಎಷ್ಟು ಮೊದಲು ಎಂಬುದನ್ನು ಹೇಳಲು ಗಡಿಯಾರವೇ ಬೇಕಾಯಿತು.

ಗಡಿಯಾರ ಎಂದೊಡನೆ ಅನೇಕರಿಗೆ ನೆನಪಾಗುವುದು ಇಂಗಾಲದ ವಿಧಾನ. ಬಂಡೆಗೂ ಅದಕ್ಕೂ ಸಂಬಂಧವಿಲ್ಲ. ಇಂಗಾಲ-14ರ ಅರ್ಧಾಯು 5,730 ವರ್ಷ ಮಾತ್ರ. 50 ಸಾವಿರ ವರ್ಷ ಕಳೆಯುವ ಹೊತ್ತಿಗೆ ಅಳೆಯಲು ಏನೂ ಉಳಿಯದಷ್ಟು ಅದು ಕರಗಿಹೋಗುತ್ತದೆ. ಒಮ್ಮೆ ಬದುಕಿದ್ದ ವಸ್ತುವಿಗೆ, ಅಂದರೆ ಮರ, ಮೂಳೆ, ಇದ್ದಿಲಿಗೆ ಮಾತ್ರ ಆ ಲೆಕ್ಕ.

ಕೋಟಿಗಟ್ಟಲೆ ವರ್ಷಗಳಿಗೆ ನಿಧಾನವಾದ ಗಡಿಯಾರ ಬೇಕು. ಯುರೇನಿಯಂ ಅಂಥದ್ದು. ನಿಸರ್ಗದಲ್ಲಿ ಅದು ಮುಖ್ಯವಾಗಿ ಎರಡು ರೂಪಗಳಲ್ಲಿದೆ. ಯುರೇನಿಯಂ-238 ಹಲವು ಹಂತಗಳನ್ನು ದಾಟಿ ಕೊನೆಗೆ ಸೀಸ-206 ಆಗುತ್ತದೆ; ಇದರ ಅರ್ಧಾಯು ಸುಮಾರು 447 ಕೋಟಿ ವರ್ಷ. ಯುರೇನಿಯಂ-235 ಬೇರೆ ದಾರಿ ಹಿಡಿದು ಸೀಸ-207 ಆಗುತ್ತದೆ. ಇದರ ಅರ್ಧಾಯು ಸುಮಾರು 70 ಕೋಟಿ ವರ್ಷ. ಅರ್ಧಾಯು ಎಂದರೆ ಇರುವ ಪರಮಾಣುಗಳಲ್ಲಿ ಅರ್ಧದಷ್ಟು ಮಾರ್ಪಡಲು ಹಿಡಿಯುವ ಕಾಲ. 300 ಕೋಟಿ ವರ್ಷ ಹಿಂದೆ ಒಂದು ಹರಳಿನಲ್ಲಿ ಪ್ರತಿಯೊಂದು ಬಗೆಯದೂ 1,000 ಪರಮಾಣು ಇದ್ದವೆಂದು ಭಾವಿಸಿ. ಇಂದು ಯುರೇನಿಯಂ-238ರಲ್ಲಿ ಸುಮಾರು 628 ಉಳಿದು 372 ಸೀಸವಾಗಿರುತ್ತವೆ. ಯುರೇನಿಯಂ-235ರಲ್ಲಿ ಸುಮಾರು 52 ಮಾತ್ರ ಉಳಿದು 948 ಸೀಸವಾಗಿರುತ್ತವೆ. ಹಾಗಾಗಿ ಒಂದೇ ಹರಳಿನಲ್ಲಿ ಬೇರೆ ಬೇರೆ ವೇಗದ ಎರಡು ಗಡಿಯಾರಗಳು ಒಟ್ಟೊಟ್ಟಿಗೆ ನಡೆಯುತ್ತಿರುತ್ತವೆ.

ಈಗ ಆ ಸಂಶಯಕ್ಕೆ ಬರೋಣ. ಮೊದಲೇ ಇದ್ದ ಸೀಸದ ಗತಿಯೇನು? ಜಿರ್ಕಾನ್ ಎಂಬ ಖನಿಜ ಇಲ್ಲಿ ನೆರವಿಗೆ ಬರುತ್ತದೆ. ಜಿರ್ಕೋನಿಯಂ, ಸಿಲಿಕಾನ್ ಮತ್ತು ಆಮ್ಲಜನಕ ಸೇರಿ ಆದ ಈ ಹರಳು ಕುದಿಯುವ ಶಿಲಾಪಾಕ ತಣಿಯುವಾಗ ಹುಟ್ಟುತ್ತದೆ. ಯುರೇನಿಯಂನ ಪರಮಾಣು ಗಾತ್ರದಲ್ಲಿಯೂ ವಿದ್ಯುದಂಶದಲ್ಲಿಯೂ ಜಿರ್ಕೋನಿಯಂಗೆ ಹತ್ತಿರವಾದ್ದರಿಂದ ಹರಳಿನ ಹಂದರದಲ್ಲಿ ಅದಕ್ಕೆ ಜಾಗ ಸಿಗುತ್ತದೆ. ಸೀಸದ ಪರಮಾಣು ದೊಡ್ಡದು, ಅದರ ವಿದ್ಯುದಂಶವೂ ಬೇರೆ. ಆ ಹಂದರ ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಆದ್ದರಿಂದ ಹೊಸದಾಗಿ ಹುಟ್ಟಿದ ಜಿರ್ಕಾನ್‌ನಲ್ಲಿ ಸೀಸ ಹೆಚ್ಚುಕಡಿಮೆ ಇರುವುದೇ ಇಲ್ಲ. ಆಮೇಲೆ ಅದರಲ್ಲಿ ಸೀಸ ಕಂಡರೆ ಅದು ಒಳಗೇ ಹುಟ್ಟಿದ್ದು, ಹುಟ್ಟಿ ಸಿಕ್ಕಿಬಿದ್ದದ್ದು. ಇಷ್ಟಾದರೂ ಎಲ್ಲೋ ಒಂದಿಷ್ಟು ಸೀಸ ಹೊರಗಿನಿಂದ ನುಸುಳಿದ್ದರೆ ಅದನ್ನು ಪತ್ತೆ ಹಚ್ಚಲೂ ದಾರಿಯಿದೆ. ಸೀಸ-204 ಎಂಬ ರೂಪ ಯಾವ ಯುರೇನಿಯಂನಿಂದಲೂ ಹುಟ್ಟುವುದಿಲ್ಲ. ಹರಳಿನಲ್ಲಿ ಅದು ಎಷ್ಟು ಸಿಕ್ಕಿತು ಎಂಬುದರಿಂದ ಹೊರಗಿನ ಸೀಸದ ಪಾಲನ್ನು ಲೆಕ್ಕ ಹಾಕಿ ಕಳೆಯುತ್ತಾರೆ. ಸಂಶಯ ಪಡುವವರು ಕೇಳುವ ಮೊದಲೇ ವಿಧಾನವು ಆ ಪ್ರಶ್ನೆಯನ್ನು ತನಗೆ ತಾನೇ ಕೇಳಿಕೊಂಡಿದೆ ಎಂಬುದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ.

ಕೆಲಸ ನಡೆಯುವ ಬಗೆಯನ್ನೂ ಹೇಳಬೇಕು. ಕೆಲವು ಕಿಲೋ ಕಲ್ಲನ್ನು ಒಡೆದು, ಪುಡಿಮಾಡಿ, ಜರಡಿ ಹಿಡಿಯುತ್ತಾರೆ. ಪುಡಿಯನ್ನು ನೀರಿನಲ್ಲಿ ಆಡಿಸಿ ಹಗುರವಾದದ್ದನ್ನು ತೇಲಿಸಿಬಿಡುತ್ತಾರೆ. ಮನೆಯಲ್ಲಿ ಅಕ್ಕಿಯನ್ನು ಗಾಳಿಸಿದಾಗ ಕಲ್ಲು ತಳದಲ್ಲಿ ನಿಲ್ಲುವಂತೆ, ಬೆಣಚಿಗಿಂತ ತುಂಬ ಭಾರವಾದ ಜಿರ್ಕಾನ್ ತಳದಲ್ಲಿ ನಿಲ್ಲುತ್ತದೆ. ಆಮೇಲೆ ಅಯಸ್ಕಾಂತದಿಂದ ಕಬ್ಬಿಣದ ಅಂಶವಿರುವ ಖನಿಜಗಳನ್ನು ತೆಗೆದು, ಉಳಿದದ್ದನ್ನು ಭಾರವಾದ ದ್ರವದಲ್ಲಿ ಮುಳುಗಿಸಿ, ಕೊನೆಗೆ ಸೂಕ್ಷ್ಮದರ್ಶಕದ ಕೆಳಗೆ ಸೂಜಿಯ ಮೊನೆಯಿಂದ ಒಂದೊಂದೇ ಹರಳನ್ನು ಆಯುತ್ತಾರೆ. ರಾಗಿ ಕಾಳಿನ ಹತ್ತರಲ್ಲೊಂದು ಭಾಗದಷ್ಟು ಗಾತ್ರದ ಹರಳುಗಳವು. ಅವನ್ನು ಅಂಟಿನಲ್ಲಿ ಕೂರಿಸಿ, ಅರ್ಧಕ್ಕೆ ತೇದು ನುಣುಪು ಮಾಡಿ, ಎಲೆಕ್ಟ್ರಾನ್ ಕಿರಣ ಹಾಯಿಸಿದರೆ ಒಳಗಿನಿಂದ ಮಂದವಾದ ಬೆಳಕು ಹೊರಟು, ಮರದ ಕಾಂಡದಲ್ಲಿರುವಂಥ ಸುತ್ತುಗಳು ಗೋಚರಿಸುತ್ತವೆ. ಒಂದು ಹರಳು ಒಂದೇ ಸಲಕ್ಕೆ ಬೆಳೆದದ್ದಾಗಿರಲಿಕ್ಕಿಲ್ಲ: ನಡುವೆ ಹಳೆಯ ತಿರುಳು, ಸುತ್ತ ಆಮೇಲಿನ ಕಾವಿನಲ್ಲಿ ಬೆಳೆದ ಹೊಸ ಅಂಚು. ಎಲ್ಲಿ ಅಳೆಯಬೇಕೆಂದು ಈ ಚಿತ್ರ ನೋಡಿ ತೀರ್ಮಾನಿಸಿ, ತಲೆಗೂದಲಿನ ದಪ್ಪದ ಅರ್ಧಕ್ಕೂ ಕಡಿಮೆ ಅಗಲದ ಅಯಾನು ಕಿರಣವನ್ನು ಆ ಚುಕ್ಕೆಗೆ ಗುರಿಯಿಟ್ಟು ಹಾಯಿಸುತ್ತಾರೆ. ಅಲ್ಲಿಂದ ಸಿಡಿದ ಪರಮಾಣುಗಳನ್ನು ಮಾಸ್ ಸ್ಪೆಕ್ಟ್ರೋಮೀಟರ್ ತೂಕದ ಪ್ರಕಾರ ಬೇರೆ ಮಾಡಿ ಎಣಿಸುತ್ತದೆ. ಇಂಥ ಯಂತ್ರವನ್ನು ಈ ಕೆಲಸಕ್ಕೆ ಪಳಗಿಸಿದವರಲ್ಲಿ ಆಸ್ಟ್ರೇಲಿಯಾದ ವಿಲಿಯಂ ಕಾಂಪ್‌ಸ್ಟನ್ ಪ್ರಮುಖರು. ಆ ದೇಶದ ಜ್ಯಾಕ್ ಹಿಲ್ಸ್‌ನಲ್ಲಿ ಸಿಕ್ಕಿದ, ಸುಮಾರು 440 ಕೋಟಿ ವರ್ಷ ಹಳೆಯದೆಂದು 2001ರಲ್ಲಿ ಪ್ರಕಟವಾದ ಜಿರ್ಕಾನ್ ಹರಳನ್ನು ಅಳೆದದ್ದೂ ಇದೇ ಬಗೆಯಲ್ಲಿ.

ಎರಡು ಗಡಿಯಾರಗಳಿರುವುದರ ಲಾಭ ಈ ಹಂತದಲ್ಲಿ ಸಿಗುತ್ತದೆ. ಹರಳು ಬಿರುಕು ಬಿಟ್ಟು ಸ್ವಲ್ಪ ಸೀಸ ಸೋರಿಹೋಗಿದ್ದರೆ ಎರಡೂ ಗಡಿಯಾರಗಳು ಕಡಿಮೆ ವಯಸ್ಸನ್ನೇ ತೋರಿಸುತ್ತವೆ, ಆದರೆ ಎರಡರ ವಯಸ್ಸೂ ಒಂದೇ ಆಗಿರುವುದಿಲ್ಲ. ಎರಡೂ ತಾಳೆಯಾದರೆ ಹರಳು ಸೋರಿಲ್ಲವೆಂದು ಭರವಸೆಯಿಂದ ಹೇಳಬಹುದು. ತಾಳೆಯಾಗದಿದ್ದರೆ ಸೋರಿದೆ ಎಂಬುದು ಕೂಡಲೇ ಬಯಲಾಗುತ್ತದೆ. ಜಾರ್ಜ್ ವೆದರಿಲ್ ಎಂಬುವರು 1956ರಲ್ಲಿ ತೋರಿಸಿಕೊಟ್ಟ ನಕ್ಷೆಯೊಂದರಲ್ಲಿ, ಒಂದೇ ಕಲ್ಲಿನ ಸೋರಿದ ಹರಳುಗಳೆಲ್ಲ ಸಾಮಾನ್ಯವಾಗಿ ಒಂದು ನೇರ ಗೆರೆಯ ಮೇಲೆ ಬೀಳುತ್ತವೆ. ಆ ಗೆರೆಯನ್ನು ಮುಂದುವರಿಸಿದರೆ ಹರಳುಗಳು ಹುಟ್ಟಿದ ಕಾಲ ಸಿಗುತ್ತದೆ.

ಸೀಸವನ್ನು ಇಷ್ಟು ಸೂಕ್ಷ್ಮವಾಗಿ ಅಳೆಯುವುದು ಒಮ್ಮೆಗೇ ಕೈಹತ್ತಿದ ವಿದ್ಯೆಯಲ್ಲ. ಅಮೆರಿಕದ ಕ್ಲೇರ್ ಪ್ಯಾಟರ್ಸನ್ ಉಲ್ಕಾಶಿಲೆಗಳಲ್ಲಿನ ಸೀಸದಿಂದ ಭೂಮಿಯ ವಯಸ್ಸನ್ನು ಅಳೆಯಲು ಹೊರಟಾಗ ಅವರ ಫಲಿತಾಂಶಗಳು ವರ್ಷಗಟ್ಟಲೆ ಕೆಡುತ್ತಲೇ ಇದ್ದವು. ಗಾಳಿಯಲ್ಲಿ, ನೀರಿನಲ್ಲಿ, ಬಟ್ಟೆಯಲ್ಲಿ, ಕೂದಲಿನಲ್ಲಿ ಎಲ್ಲೆಲ್ಲೂ ಸೀಸವಿತ್ತು. ಅತಿ ಶುಚಿಯಾದ ಪ್ರಯೋಗಾಲಯವನ್ನು ಕಟ್ಟಿಕೊಂಡ ಮೇಲಷ್ಟೇ, 1956ರಲ್ಲಿ, ಭೂಮಿಗೆ ಸುಮಾರು 455 ಕೋಟಿ ವರ್ಷ ಎಂದು ಅವರು ಪ್ರಕಟಿಸಿದರು. ಆ ಸೀಸ ಬರುತ್ತಿದ್ದುದು ಎಲ್ಲಿಂದ ಎಂದು ಹುಡುಕುತ್ತಾ ಹೋದ ಅವರು ಪೆಟ್ರೋಲಿಗೆ ಬೆರೆಸುತ್ತಿದ್ದ ಸೀಸದ ವಿರುದ್ಧ ದಶಕಗಳ ಕಾಲ ದನಿಯೆತ್ತಿದರು. ನಮ್ಮ ದೇಶದ ಬಂಕುಗಳಿಂದ ಸೀಸ ಬೆರೆತ ಪೆಟ್ರೋಲ್ ಪೂರ್ತಿ ಮರೆಯಾದದ್ದು 2000ದಲ್ಲಿ. ಕಲ್ಲಿನ ವಯಸ್ಸು ಕೇಳಹೊರಟ ಪ್ರಶ್ನೆ ಮಕ್ಕಳ ಉಸಿರಿನವರೆಗೂ ಬಂದು ಮುಟ್ಟಿದ ಈ ಕಥೆಯನ್ನು ಶಾಲೆಗಳಲ್ಲಿ ಹೇಳಬೇಕೆಂದು ನನಗೆ ಅನ್ನಿಸುತ್ತದೆ.

ಗಡಿಯಾರದ ವೇಗ ಹಿಂದೆ ಬೇರೆಯಾಗಿದ್ದರೆ ಎಂಬ ಪ್ರಶ್ನೆಯನ್ನೂ ಕೆಲವರು ಕೇಳುತ್ತಾರೆ, ಅದು ನ್ಯಾಯವಾದ ಪ್ರಶ್ನೆ. ಯುರೇನಿಯಂ ಒಡೆಯುವುದು ಪರಮಾಣುವಿನ ನಟ್ಟನಡುವಿನ ಬೀಜದಲ್ಲಿ. ಬಂಡೆಗೆ ತಗಲುವ ಕಾವು, ಒತ್ತಡ, ರಾಸಾಯನಿಕ ಬದಲಾವಣೆಗಳೆಲ್ಲ ಅದರ ಹೊರವಲಯದ ಎಲೆಕ್ಟ್ರಾನ್‌ಗಳಲ್ಲೇ ನಿಂತುಬಿಡುತ್ತವೆ. ದೂರದ ಆಕಾಶವೂ ಇದಕ್ಕೆ ಸಾಕ್ಷಿ ಹೇಳಿದೆ. 1987ರಲ್ಲಿ ಕಾಣಿಸಿಕೊಂಡ ಸೂಪರ್‌ನೋವಾದ, ಅಂದರೆ ಸಿಡಿದ ನಕ್ಷತ್ರದ, ಬೆಳಕು ನಮ್ಮನ್ನು ತಲುಪಲು ಸುಮಾರು 1,68,000 ವರ್ಷ ಹಿಡಿದಿತ್ತು. ಅಲ್ಲಿನ ಕೋಬಾಲ್ಟ್-56 ಕರಗುತ್ತಾ ಬೆಳಕು ಕುಂದಿದ ವೇಗ, ಇಲ್ಲಿನ ಪ್ರಯೋಗಾಲಯದಲ್ಲಿ ಅಳೆದ ಸುಮಾರು 77 ದಿನಗಳ ಅರ್ಧಾಯುವಿಗೇ ಹೊಂದಿಕೆಯಾಯಿತು.

ಕೊನೆಯದಾಗಿ 300 ಕೋಟಿ ಎಂಬ ಸಂಖ್ಯೆಯ ಬಗ್ಗೆ. ಅದು ಒಂದು ದುಂಡು ಸಂಖ್ಯೆ. ಪೆನಿನ್ಸುಲಾರ್ ನೈಸ್ ಒಂದೇ ದಿನ ಎರಕ ಹೊಯ್ದ ಕಲ್ಲಲ್ಲ. ಹಲವು ಕಂತುಗಳಲ್ಲಿ ಶಿಲಾಪಾಕ ಮೇಲೇರಿ, ತಣಿದು, ಮತ್ತೆ ಕಾದು ಬೆಸೆದುಕೊಂಡ ದೊಡ್ಡ ಕುಟುಂಬ. ಹಾಸನ ಜಿಲ್ಲೆಯ ಗೊರೂರಿನ ನೈಸ್ ಸುಮಾರು 330 ಕೋಟಿ ವರ್ಷ ದಾಟಿದ್ದು. ರಾಮನಗರದ ಬೆಟ್ಟಗಳ ಗ್ರಾನೈಟ್ ಈ ನೈಸ್‌ನ ಒಳಗೆ ಆಮೇಲೆ ನುಗ್ಗಿದ್ದು, ಅದಕ್ಕೆ ಸುಮಾರು 250 ಕೋಟಿ ವರ್ಷ. ಆ ಊರಿನ ಹಳೆಯ ಹೆಸರಿನಿಂದಲೇ ಅದು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎನಿಸಿಕೊಂಡಿದೆ. ಒಂದೊಂದು ಅಳತೆಗೂ ಹೆಚ್ಚುಕಡಿಮೆಯ ಮಿತಿ ಇದ್ದೇ ಇರುತ್ತದೆ. 300 ಕೋಟಿ ವರ್ಷದಲ್ಲಿ ಶೇಕಡ 1ರಷ್ಟು ತಪ್ಪೆಂದರೆ 3 ಕೋಟಿ ವರ್ಷ. ಮನುಷ್ಯರ ಲೆಕ್ಕಕ್ಕೆ ಅದು ಅಗಾಧ, ಈ ಶಿಲೆಯ ಲೆಕ್ಕಕ್ಕೆ ನೂರು ವರ್ಷದ ಅಜ್ಜಿಯ ವಯಸ್ಸನ್ನು ಒಂದು ವರ್ಷ ಆಚೀಚೆ ಹೇಳಿದಂತೆ. ಇನ್ನೊಂದು ಮಾತನ್ನೂ ಗಮನದಲ್ಲಿಡಬೇಕು. ಈ ವಯಸ್ಸು ಹರಳುಗಳು ನೆಲದಾಳದಲ್ಲಿ ಗಟ್ಟಿಯಾದ ಕಾಲದ್ದು. ಇಂದು ನಾವು ನಿಲ್ಲುವ ಬಂಡೆಯ ಮೈ ಅಷ್ಟು ಹಳೆಯದಲ್ಲ. ಮೇಲಿದ್ದ ಕಿಲೋಮೀಟರುಗಟ್ಟಲೆ ಕಲ್ಲೆಲ್ಲ ಮಳೆಗಾಳಿಗೆ ಸವೆದು ಕೊಚ್ಚಿಹೋದ ಮೇಲಷ್ಟೇ ಅದು ಬಿಸಿಲು ಕಂಡಿತು, ಮತ್ತು ಇಂದಿಗೂ ಪ್ರತಿ ಮಳೆಗಾಲದಲ್ಲಿ ಒಂದಿಷ್ಟು ಸವೆಯುತ್ತಲೇ ಇದೆ.