ಐಸ್ ಪ್ಲಾಂಟಿನ ಅಮೋನಿಯಾ ಹಿಡಿಯೋಕೆ ನ್ಯಾನೋಟ್ಯೂಬ್ ಪೊರೆ: ನಮ್ಮ ಮಳೆಗಾಲಕ್ಕೆ ಆದೀತಾ?

ಪ್ರಶ್ನೆ: ನಮ್ಮದು ಕಾರವಾರ. ಐಸ್ ಪ್ಲಾಂಟಿನಲ್ಲಿ ತಂಪು ಮಾಡಲು ಬಳಸುವ ಅಮೋನಿಯಾ ಸೋರಿದರೆ ಗೊತ್ತಾಗಲಿ ಅಂತ ಮಗಳು ಕಾಲೇಜು ಪ್ರಾಜೆಕ್ಟಿಗೆ ಕಾರ್ಬನ್ ನ್ಯಾನೋಟ್ಯೂಬ್ ಸೆನ್ಸರ್ ಮಾಡುತ್ತೇನೆ ಅನ್ನುತ್ತಾಳೆ. ಬಿಸಿ ಮಾಡುವುದೇ ಬೇಡವಂತೆ. ಹೌದಾ? ಮಳೆಗಾಲದಲ್ಲೂ ಕೆಲಸ ಮಾಡುತ್ತಾ?

ಉತ್ತರ: ಮೊದಲನೆಯದಕ್ಕೆ ಹೌದು. ಮಳೆಗಾಲದ್ದು ಸ್ವಲ್ಪ ದೊಡ್ಡ ಕಥೆ.

ಅಂಗಡಿಯಲ್ಲಿ ಸಿಗುವ ಅಗ್ಗದ ಗ್ಯಾಸ್ ಸೆನ್ಸರ್‌ಗಳಲ್ಲಿ ಹೆಚ್ಚಿನವು ತವರದ ಆಕ್ಸೈಡಿನವು. ಒಳಗಿನ ಪುಟ್ಟ ಹೀಟರ್ ಅದನ್ನು 200ರಿಂದ 400 ಡಿಗ್ರಿಗೆ ಕಾಯಿಸುತ್ತಲೇ ಇರಬೇಕು. ನ್ಯಾನೋಟ್ಯೂಬಿಗೆ ಆ ಕಾಟ ಇಲ್ಲ. ಅದು ಇಂಗಾಲದ ಒಂದೇ ಪದರದ ಹಾಳೆಯನ್ನು ಸುರುಳಿ ಸುತ್ತಿದಂಥ ಕೊಳವೆ, ಅಡ್ಡಳತೆ ಸುಮಾರು 1 ನ್ಯಾನೋಮೀಟರ್, ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು. ಪದರ ಒಂದೇ ಆದ್ದರಿಂದ ಎಲ್ಲ ಪರಮಾಣುಗಳೂ ಹೊರಮೈಯಲ್ಲೇ ಇವೆ. ಅನಿಲದ ಅಣು ಬಂದು ಅಂಟಿದರೆ ಸಾಕು, ಕರೆಂಟಿನ ಹರಿವು ಬದಲಾಗುತ್ತದೆ. ಗಾಳಿಯಲ್ಲಿರುವ ಟ್ಯೂಬಿನಲ್ಲಿ ಕರೆಂಟು ಒಯ್ಯುವುದು ಎಲೆಕ್ಟ್ರಾನ್ ಇಲ್ಲದ ಖಾಲಿ ಜಾಗಗಳು. ಅಮೋನಿಯಾ ಎಲೆಕ್ಟ್ರಾನ್ ಕೊಟ್ಟು ಅವನ್ನು ತುಂಬುತ್ತದೆ, ಆಗ ಕರೆಂಟಿಗೆ ಅಡ್ಡಿ, ಅಂದರೆ ರೋಧ ಏರುತ್ತದೆ. ನೈಟ್ರೋಜನ್ ಡೈಆಕ್ಸೈಡ್ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ, ರೋಧ ಇಳಿಯುತ್ತದೆ. ಸ್ಟ್ಯಾನ್‌ಫರ್ಡ್‌ನ ಹೊಂಗ್ಜಿ ದಾಯ್ ಅವರ ತಂಡ 2000ದಲ್ಲಿ ಇದನ್ನು ಒಂಟಿ ಟ್ಯೂಬಿನಲ್ಲಿ, ಕೋಣೆಯ ಉಷ್ಣತೆಯಲ್ಲೇ ತೋರಿಸಿತು.

ಒಂಟಿ ಟ್ಯೂಬಿಗೆ ತಂತಿ ಜೋಡಿಸುವುದು ಕಾಲೇಜು ಲ್ಯಾಬಿನಲ್ಲಿ ಆಗುವ ಮಾತಲ್ಲ. ಅದಕ್ಕೇ ಟ್ಯೂಬುಗಳನ್ನು ಬಲೆಯಂತೆ ಹರಡಿದ ಪೊರೆ. ಮಸಿಯಂಥ ಪುಡಿಯನ್ನು ಸೋಪಿನ ಗುಣದ ಎಸ್‌ಡಿಎಸ್ ಬೆರೆಸಿದ ನೀರಿಗೆ ಹಾಕಿ ಅಲ್ಟ್ರಾಸೌಂಡ್ ಕೊಟ್ಟು ಬಿಡಿಸಬೇಕು, ಇಲ್ಲದಿದ್ದರೆ ಟ್ಯೂಬುಗಳು ಕಟ್ಟುಕಟ್ಟಾಗಿ ಅಂಟಿಕೊಂಡಿರುತ್ತವೆ. ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದರೆ ಗಂಟುಗಳು ತಳ ಸೇರುತ್ತವೆ. ಮೇಲಿನ ತಿಳಿಯನ್ನು ಸೆಲ್ಯುಲೋಸ್ ಎಸ್ಟರ್ ಫಿಲ್ಟರಿನಲ್ಲಿ ವ್ಯಾಕ್ಯೂಮ್ ಹಾಕಿ ಸೋಸಿದರೆ ಪೊರೆ ಉಳಿಯುತ್ತದೆ. ಸೋಪು ಪೂರ್ತಿ ಹೋಗುವ ತನಕ ತೊಳೆಯಬೇಕು. ಆಮೇಲೆ ಬಾಚಣಿಗೆ ಹಲ್ಲಿನಂಥ ಚಿನ್ನದ ಎಲೆಕ್ಟ್ರೋಡುಗಳಿರುವ ಗಾಜಿನ ಮೇಲೆ ಒತ್ತಿ, ಫಿಲ್ಟರನ್ನು ಅಸಿಟೋನಿನಲ್ಲಿ ಕರಗಿಸುವುದು. ಒಣ ಪುಡಿ ಮಾತ್ರ ಮೂಗಿಗೆ ಹೋಗಬಾರದು. ಮಾಸ್ಕ್ ಇರಲಿ, ತೂಗುವ ಕೆಲಸ ಫ್ಯೂಮ್ ಹುಡ್ಡಿನಲ್ಲೇ (ಗಾಳಿಯನ್ನು ಹೊರಗೆ ಎಳೆಯುವ ಲ್ಯಾಬಿನ ಗೂಡು) ಆಗಲಿ.

ಹೆಚ್ಚಿನವರು ಎಡವುವುದು ದಪ್ಪದಲ್ಲಿ. ಕಡುಕಪ್ಪು ಪೊರೆ ನೋಡಲು ಚೆಂದ, ಕೆಲಸಕ್ಕೆ ದಂಡ. ಸಾಮಾನ್ಯ ಪುಡಿಯಲ್ಲಿ ಸುಮಾರು ಮೂರರಲ್ಲೊಂದು ಟ್ಯೂಬ್ ಲೋಹದ ಹಾಗೆ ವರ್ತಿಸುತ್ತದೆ. ದಟ್ಟವಾಗಿ ಹರಡಿದರೆ ಈ ಲೋಹದಂಥವೇ ಒಂದಕ್ಕೊಂದು ತಾಗಿ ಒಳದಾರಿ ಮಾಡಿಕೊಳ್ಳುತ್ತವೆ. ಅನಿಲಕ್ಕೆ ಸ್ಪಂದಿಸುವ ಅರೆವಾಹಕ ಟ್ಯೂಬುಗಳ ಮಾತು ಆಗ ಮೀಟರಿಗೆ ಕೇಳುವುದೇ ಇಲ್ಲ. ತೀರಾ ವಿರಳವಾದರೆ ಕರೆಂಟೇ ದಾಟದು. ಚಾಪೆಯ ಮೇಲೆ ಒಣಹಾಕಿದ ಶಾವಿಗೆ ಅಲ್ಲಲ್ಲಿ ತಾಗುತ್ತದಲ್ವಾ, ಅಷ್ಟೇ ಸಾಕು. ಹಿಂದಿಟ್ಟ ಅಕ್ಷರ ಸಲೀಸಾಗಿ ಓದಲು ಬರಬೇಕು.

ಇನ್ನು ಮಳೆಗಾಲ. ನೀರಾವಿಯೂ ಸಾಮಾನ್ಯವಾಗಿ ರೋಧವನ್ನು ಏರಿಸುತ್ತದೆ, ಅಂದರೆ ಅಮೋನಿಯಾದ ದಿಕ್ಕಿಗೇ. ಉಪ್ಪಿನ ಡಬ್ಬಿ ನೀರೊಡೆಯುವ ಜುಲೈಯಲ್ಲಿ ಮೀಟರ್ ಏರಿದರೆ ಸೋರಿದ್ದು ಅಮೋನಿಯಾವೋ, ಕಿಟಕಿಯಿಂದ ಬಂದ ಕಡಲ ಗಾಳಿಯೋ? ಪಕ್ಕದಲ್ಲೇ ತೇವಾಂಶದ ಸೆನ್ಸರ್ ಒಂದನ್ನಿಟ್ಟು ಅದರ ಪಾಲನ್ನು ಲೆಕ್ಕದಿಂದ ಕಳೆಯಲೇಬೇಕು. ಅಂಟಿದ ಅಮೋನಿಯಾ ಬಿಟ್ಟು ಹೋಗುವುದೂ ನಿಧಾನ. ಬೇಗ ಓಡಿಸಲು ಹದವಾಗಿ ಬಿಸಿ ಮಾಡುತ್ತಾರೆ, ಇಲ್ಲವೇ ಯುವಿ ಬೆಳಕು ಬಿಡುತ್ತಾರೆ. ಹೀಟರ್ ಬೇಡ ಅಂದವರು ಅದನ್ನು ಹಿಂಬಾಗಿಲಿನಿಂದ ತಂದ ಹಾಗಾಯಿತು!

ಕೆಲಸದ ಜಾಗದಲ್ಲಿ 8 ಗಂಟೆಗೆ ಅಮೋನಿಯಾದ ರೂಢಿಯ ಮಿತಿ 25 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 25 ಪಾಲು. 300 ಪಿಪಿಎಂ ಮುಟ್ಟಿದರೆ ಜೀವಕ್ಕೇ ಅಪಾಯ. ಹಾಗಾಗಿ ಪ್ಲಾಂಟಿನ ಅಲಾರಂ ಕಂಪನಿಯಲ್ಲಿ ಪರೀಕ್ಷೆಯಾಗಿ ಬಂದದ್ದೇ ಇರಲಿ, ಮಗಳದ್ದು ಅದರ ಪಕ್ಕದಲ್ಲಿ ಕೂರಲಿ. ಹೇಗೂ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ, ನಿಮ್ಮ ಬೈತಖೋಲ್ ಬಂದರಿನಲ್ಲಿ ಐಸಿಗೆ ಗಿರಾಕಿ ಕಡಿಮೆ. ಆ 61 ದಿನ ಸೆನ್ಸರನ್ನು ಸುಮ್ನೆ ತೂಗುಹಾಕಿ, ಬರೀ ತೇವಕ್ಕೆ ಅದು ಎಷ್ಟು ಓಲಾಡುತ್ತದೆ ಅಂತ ದಿನಾ ಬರೆದಿಡಲಿ. ಅಮೋನಿಯಾ ತೋರಿಸುವುದು ಆಮೇಲೆ.