ಧನುರ್ವಾಯು ನರದ ತುದಿಯಲ್ಲಿ ಮಾಡುವುದೇನು?

ಧನುರ್ವಾಯು ಬಂದವರಿಗೆ ಸಾಮಾನ್ಯವಾಗಿ ಮೊದಲು ದವಡೆ ಬಿಗಿಯುತ್ತದೆ. ಬಾಯಿ ತೆರೆಯಲು ಆಗುವುದಿಲ್ಲ. ಆಮೇಲೆ ಕುತ್ತಿಗೆ, ಬೆನ್ನು, ಹೊಟ್ಟೆ. ಬಾಗಿಲು ದಬ್ಬಿದ ಸದ್ದಾದರೂ ಸಾಕು, ಮೈಯೆಲ್ಲ ಸೆಟೆದುಕೊಳ್ಳುತ್ತದೆ. ಬಾಟುಲಿನಂ ಎಂಬ ಬ್ಯಾಕ್ಟೀರಿಯಾ ವಿಷದಿಂದ ಬರುವ ಬಾಟುಲಿಸಂ ಕಾಯಿಲೆ ಇದಕ್ಕೆ ಪೂರ್ತಿ ಉಲ್ಟಾ. ರೆಪ್ಪೆ ಜೋಲುತ್ತದೆ, ಮಾತು ತೊದಲುತ್ತದೆ, ಕೈಕಾಲಿನಲ್ಲಿ ಬಲವೇ ಇರುವುದಿಲ್ಲ. ಆದರೆ ಈ ಎರಡೂ ಕಾಯಿಲೆಗಳ ವಿಷ ಕೆಲಸ ಮಾಡುವ ರೀತಿ ಒಂದೇ. ಅದು ಅರ್ಥವಾಗಬೇಕಾದರೆ ನರದ ತುದಿಗೆ ಹೋಗಬೇಕು.

ನರ ತನ್ನ ಸಂದೇಶವನ್ನು ರಾಸಾಯನಿಕದ ರೂಪದಲ್ಲಿ ಮುಂದಿನ ಕೋಶಕ್ಕೆ ಕಳಿಸುತ್ತದೆ. ಈ ರಾಸಾಯನಿಕ ಸುಮಾರು 40 ನ್ಯಾನೊಮೀಟರ್ ಅಗಲದ ಗುಳ್ಳೆಗಳಲ್ಲಿ ತುಂಬಿರುತ್ತದೆ. ಗುಳ್ಳೆ ನರದ ಹೊರಪೊರೆಗೆ ಬೆಸೆದುಕೊಂಡು ಬಾಯಿ ತೆರೆದರೆ ಮಾತ್ರ ಅದು ಹೊರಗೆ ಬರುತ್ತದೆ. ಆದರೆ ಎರಡು ಕೊಬ್ಬಿನ ಪೊರೆಗಳು ಸುಮ್ನೆ ಪಕ್ಕಪಕ್ಕ ಬಂದ ಮಾತ್ರಕ್ಕೆ ಬೆಸೆಯುವುದಿಲ್ಲ, ಅಲ್ವಾ? ಅವನ್ನು ಎಳೆದು ಸೇರಿಸುವವರು ಬೇಕು.

ಆ ಕೆಲಸ ಸ್ನೇರ್ ಪ್ರೋಟೀನ್‌ಗಳದ್ದು. ಗುಳ್ಳೆಯ ಮೇಲೆ ಸಿನಾಪ್ಟೊಬ್ರೆವಿನ್, ಹೊರಪೊರೆಯ ಮೇಲೆ ಸಿಂಟ್ಯಾಕ್ಸಿನ್ ಮತ್ತು ಸ್ನ್ಯಾಪ್-25. ಮೂರೂ ಜಿಪ್ ಎಳೆದ ಹಾಗೆ ಒಂದು ತುದಿಯಿಂದ ಹೆಣೆದುಕೊಳ್ಳುತ್ತ ಬಂದು, ಪೂರ್ತಿಯಾಗುವ ಮುಂಚೆ ನಿಲ್ಲುತ್ತವೆ. ನರದ ತುದಿಗೆ ವಿದ್ಯುತ್ ಸಂಕೇತ ಬಂದಾಗ ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಸಿನಾಪ್ಟೊಟ್ಯಾಗ್ಮಿನ್ ಎಂಬ ಇನ್ನೊಂದು ಪ್ರೋಟೀನ್ ಅದನ್ನು ಹಿಡಿದುಕೊಂಡ ತಕ್ಷಣ ಉಳಿದ ಹೆಣಿಗೆಯೂ ಮುಗಿದು ಗುಳ್ಳೆ ತೆರೆದುಕೊಳ್ಳುತ್ತದೆ. ಕ್ಯಾಲ್ಸಿಯಂ ಬಂದ ಮೇಲೆ ಇದಕ್ಕೆ ಒಂದು ಮಿಲಿಸೆಕೆಂಡ್ ಕೂಡ ಬೇಡ. ಗುಳ್ಳೆಗಳ ಈ ಸಾಗಾಟವನ್ನು ಬಿಡಿಸಿ ತೋರಿಸಿದ ರಾತ್‌ಮನ್, ಷೆಕ್‌ಮನ್ ಮತ್ತು ಸೂಡಾಫ್ ಅವರಿಗೆ 2013ರಲ್ಲಿ ನೊಬೆಲ್ ಬಂತು.

ಧನುರ್ವಾಯುವಿನ ವಿಷ ಸಿನಾಪ್ಟೊಬ್ರೆವಿನ್ ಅನ್ನು ಕತ್ತರಿಸುತ್ತದೆ. ಬಿ ಮಾದರಿಯ ಬಾಟುಲಿನಂ ವಿಷವೂ ಅದನ್ನೇ, ಅದೇ ಜಾಗದಲ್ಲೇ ಕತ್ತರಿಸುತ್ತದೆ. ನನಗೆ ಇವತ್ತಿಗೂ ಬೆರಗು ಹುಟ್ಟಿಸುವ ವಿಷಯ ಇದು. ವ್ಯತ್ಯಾಸ ಇರುವುದು ವಿಷ ನೆಲೆಯೂರುವ ಜಾಗದಲ್ಲಿ. ಬಾಟುಲಿನಂ ವಿಷ ನರ ಸ್ನಾಯುವನ್ನು ಮುಟ್ಟುವಲ್ಲೇ ಉಳಿದು, ಸ್ನಾಯುವಿಗೆ ‘ಬಿಗಿ’ ಎನ್ನುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹೊರಬರದಂತೆ ಮಾಡುತ್ತದೆ. ಸ್ನಾಯು ಸೋಲುತ್ತದೆ. ಧನುರ್ವಾಯುವಿನ ವಿಷ ನರದೊಳಗೇ ಹಿಂದಕ್ಕೆ ಸಾಗಿ ಬೆನ್ನುಹುರಿ ಸೇರುತ್ತದೆ. ಅಲ್ಲಿ ಸ್ನಾಯುಗಳಿಗೆ ‘ಸಾಕು’ ಎನ್ನುವ ಗ್ಲೈಸಿನ್ ಮತ್ತು ಗಾಬಾ ಎಂಬ ರಾಸಾಯನಿಕಗಳು ಹೊರಬರುವುದನ್ನೇ ನಿಲ್ಲಿಸುತ್ತದೆ. ತಡೆಯುವವರಿಲ್ಲದೆ ಸ್ನಾಯು ಬಿಗಿಯುತ್ತಲೇ ಹೋಗುತ್ತದೆ.

ಕುತ್ತಿಗೆ ತಿರುಚಿಕೊಳ್ಳುವವರಿಗೆ, ಮುಖದ ಒಂದು ಬದಿ ಅದುರುವವರಿಗೆ ನಾವು ವೈದ್ಯರು ಕೊಡುವ ಬೊಟಾಕ್ಸ್ ಚುಚ್ಚುಮದ್ದು ಎ ಮಾದರಿಯ ಬಾಟುಲಿನಂ ವಿಷವೇ. ಅದು ಸ್ನ್ಯಾಪ್-25ರ 206 ಅಮೈನೊ ಆಮ್ಲಗಳಲ್ಲಿ ಕೊನೆಯ ಒಂಬತ್ತನ್ನು ಕತ್ತರಿಸುತ್ತದೆ, ಅಷ್ಟೇ. ಅಷ್ಟಕ್ಕೇ ಸುಮಾರು ಮೂರು ತಿಂಗಳು ಸ್ನಾಯು ಸಡಿಲವಾಗಿರುತ್ತದೆ. ‘ಡಾಕ್ಟ್ರೇ, ಮತ್ತೆ ಯಾಕೆ ಚುಚ್ಚಿಸಿಕೊಳ್ಳಬೇಕು?’ ಅಂತ ಜಾಸ್ತಿ ಜನ ಕೇಳುತ್ತಾರೆ. ನರ ಸಾಯುವುದಿಲ್ಲ. ವಿಷದ ಶಕ್ತಿ ಕುಂದಿದ ಹಾಗೆ ಹೊಸ ಪ್ರೋಟೀನ್ ತಯಾರಾಗಿ ಹೆಣಿಗೆ ಮತ್ತೆ ಶುರುವಾಗುತ್ತದೆ.

ಧನುರ್ವಾಯುವಿನಲ್ಲೂ ಚೇತರಿಕೆ ಹೀಗೇ ನಿಧಾನ, ವಾರಗಟ್ಟಲೆ. ನಾವು ಕೊಡುವ ಇಮ್ಯುನೊಗ್ಲಾಬ್ಯುಲಿನ್, ಅಂದರೆ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು, ಇನ್ನೂ ನರದ ಹೊರಗಿರುವ ವಿಷವನ್ನು ಮಾತ್ರ ಹಿಡಿಯುತ್ತದೆ, ಒಳಹೊಕ್ಕಿದ್ದನ್ನು ಅಲ್ಲ. ಅದಕ್ಕೇ ಗಾಯವಾದಾಗ ತಡಮಾಡಬೇಡಿ, ದೊಡ್ಡವರೂ ಹತ್ತು ವರ್ಷಕ್ಕೊಮ್ಮೆ ಟಿಡಿ (ಧನುರ್ವಾಯು ಮತ್ತು ಗಂಟಲಮಾರಿ) ಲಸಿಕೆ ಹಾಕಿಸಿಕೊಳ್ಳಿ. ಒಮ್ಮೆ ಧನುರ್ವಾಯು ಬಂದು ಗುಣವಾದವರಿಗೂ ಲಸಿಕೆ ಬೇಕೇ ಬೇಕು. ಕಾಯಿಲೆ ತರಲು ಬೇಕಾಗುವ ವಿಷ ಎಷ್ಟು ಕಡಿಮೆ ಎಂದರೆ, ದೇಹಕ್ಕೆ ಅದರ ವಿರುದ್ಧ ರೋಗನಿರೋಧಕ ಶಕ್ತಿ ಬೆಳೆಯುವುದೇ ಇಲ್ಲ.