ಎಂಟಡಿ ಅಡುಗೆಮನೆಯಲ್ಲಿ ಕೂತು ತಿನ್ನಲು ಜಾಗ ಎಲ್ಲಿಂದ?

ಪ್ರಶ್ನೆ: ಉಡುಪಿಯಲ್ಲಿ ನಮ್ಮದು ಹಳೆಯ ಕೆಂಪುಕಲ್ಲಿನ ಮನೆ. ಅಡುಗೆಮನೆ 8 ಅಡಿ ಅಗಲ, 10 ಅಡಿ ಉದ್ದ. ಇಬ್ಬರು ಕೂತು ತಿಂಡಿ ತಿನ್ನುವಂತಾಗಬೇಕು, ತರಕಾರಿ ಹೆಚ್ಚಲು ಇನ್ನಷ್ಟು ಕಟ್ಟೆಯೂ ಬೇಕು. ನಡುವೆ ಐಲ್ಯಾಂಡ್, ಅಂದರೆ ಗೋಡೆಗೆ ತಾಗದೆ ಬಿಡಿಯಾಗಿ ನಿಲ್ಲುವ ಕಟ್ಟೆ, ಕಟ್ಟಿಸಬಹುದೇ?

ಉತ್ತರ: ಬೇಡ. ಈಗಿರುವ ಕಟ್ಟೆಗೆ 2 ಅಡಿ ಹೋಯಿತು, ಐಲ್ಯಾಂಡಿಗೆ ಇನ್ನೆರಡು. ಉಳಿದ 4 ಅಡಿ ಎರಡೂ ಬದಿಗೆ ಹಂಚಿಹೋಗುತ್ತದೆ. 2 ಅಡಿ ಸಂದಿಯಲ್ಲಿ ಬಿಸಿ ಕುಕ್ಕರ್ ಹಿಡಿದು ತಿರುಗುವುದೇ ಕಷ್ಟ, ಸ್ಟೂಲ್ ಎಲ್ಲಿಡುತ್ತೀರಿ? ಓಡಾಟಕ್ಕೆ 3 ಅಡಿಯಾದರೂ ಬಿಡಬೇಕು.

ಎದುರು ಗೋಡೆಗೆ ಮಡಚುವ ಹಲಗೆ ಹಾಕಿಸಿ. ಅಗಲ 18 ಇಂಚು, ಉದ್ದ 4 ಅಡಿ. ಒಬ್ಬರಿಗೆ 2 ಅಡಿ ಲೆಕ್ಕ. ಎತ್ತರ ಈಗಿನ ಕಟ್ಟೆಯಷ್ಟೇ ಇರಲಿ, ಆಗ ಹೆಚ್ಚುವುದಕ್ಕೂ ಅದೇ ಒದಗುತ್ತದೆ. ಅಂಗಡಿಯಲ್ಲಿ ತೋರಿಸುವ 30 ಇಂಚಿನ ಬಾರ್ ಸ್ಟೂಲ್ ತರಬೇಡಿ, ತೊಡೆ ಹಲಗೆಗೆ ತಾಗುತ್ತದೆ. ಕೂರುವ ಜಾಗಕ್ಕೂ ಹಲಗೆಯ ಮೇಲ್ಮೈಗೂ 10–12 ಇಂಚು ಅಂತರ ಬೇಕು. ಹಲಗೆ 33 ಇಂಚಿದ್ದರೆ ಸ್ಟೂಲ್ 22 ಇಂಚು. ಮನೆಯಲ್ಲಿ ಮೊಣಕಾಲು ನೋವಿನ ಹಿರಿಯರಿದ್ದರೆ ಹಲಗೆಯನ್ನೇ 30 ಇಂಚಿಗೆ ಇಳಿಸಿ, ಮಾಮೂಲಿ ಕುರ್ಚಿ ಹಾಕಿ. ನೀರುದೋಸೆ ಕಾವಲಿಯಿಂದ ನೇರ ತಟ್ಟೆಗೆ ಬೀಳಬೇಕಾದದ್ದು; ಅದಕ್ಕೆ ಮೊದಲ ಹಕ್ಕು ಅವರದೇ ಅಲ್ಲವೇ!

ನಿಜವಾದ ತಲೆನೋವು ಗೋಡೆಯದು. ಕೆಂಪುಕಲ್ಲಿಗೆ ಡ್ರಿಲ್ ಇಟ್ಟರೆ ಕೆಂಪು ಪುಡಿ ಸುರಿಯುತ್ತಾ ತೂತು ಅಗಲವಾಗುತ್ತದೆ, ಪ್ಲಾಸ್ಟಿಕ್ ಪ್ಲಗ್ ಸ್ಕ್ರೂ ಜೊತೆಗೇ ತಿರುಗತೊಡಗುತ್ತದೆ. ಎರಡು ಬ್ರಾಕೆಟ್ ಬಡಿದು ಹೋಗುವ ಆಚಾರಿಗೆ ಒಪ್ಪಬೇಡಿ. ಮೊದಲು ಗೋಡೆಯುದ್ದಕ್ಕೂ ದಪ್ಪ ಮರದ ರೀಪು ಕೂರಿಸಿ, ಕಲ್ಲುಗಳ ಸಂದು ತಪ್ಪಿಸಿ ನಾಲ್ಕೈದು ಕಡೆ ಉದ್ದದ ಬೋಲ್ಟ್ ಹಾಕಿಸಿ. ಹಲಗೆಯನ್ನು ಆ ರೀಪಿಗೇ ಹಿಂಜ್ ಹಾಕಿ ಜೋಡಿಸಿ, ಅದರ ಮುಂದಿನ ಅಂಚಿಗೆ ಮಡಚುವ ಕಾಲು ಕೊಡಿಸಿ. ಭಾರ ನೆಲಕ್ಕಿಳಿದರೆ ಗೋಡೆ ಬಚಾವ್.

ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಅಗ್ಗವೆಂದು ತಂದರೆ ಒಂದೆರಡು ಮಳೆಗಾಲಕ್ಕೆ ಅಂಚು ಉಬ್ಬಬಹುದು. ಐಎಸ್ 710 ಗುರುತಿನ, ತೇವ ತಾಳುವ ಮರೈನ್ ಪ್ಲೈ ತನ್ನಿ, ನಾಲ್ಕೂ ಅಂಚು ಮುಚ್ಚಿಸಿ. ನಮ್ಮ ಉಪ್ಪುಗಾಳಿಗೆ ಕಬ್ಬಿಣದ ಹಿಂಜ್ ಬೇಗ ತುಕ್ಕು ಹಿಡಿಯುತ್ತದೆ, ಸ್ಟೇನ್‌ಲೆಸ್ ಸ್ಟೀಲಿನದೇ ಕೇಳಿ.

ಗ್ರೈಂಡರನ್ನು ಮಾತ್ರ ಇದರ ಮೇಲೆ ಏರಿಸಬೇಡಿ. ಅದರ ಅದುರಾಟಕ್ಕೆ ಬೋಲ್ಟ್ ಸಡಿಲವಾಗುತ್ತದೆ. ಅದು ಕಲ್ಲಿನ ಕಟ್ಟೆಯ ಮೇಲೆಯೇ ಇರಲಿ.